ಕೊಬ್ಬರಿ ಅಟ್ಟದ ರಚನೆ: ತೆಂಗು ಬೆಳೆಗಾರರ ಮಾಹಿತಿಗಾಗಿ

ತಿಪಟೂರು ತಾಲ್ಲೂಕಿನ ನೊಣವಿನಕೆರೆ ಹೋಬಳಿ ಹಾಗೂ ನೆರೆಯ ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಹಳೆಯ ತೋಟದ ಮನೆಗಳಲ್ಲಿ ಕೊಬ್ಬರಿ ಅಟ್ಟವು ಮುಖ್ಯ ಭಾಗವಾಗಿರುತ್ತದೆ. ಇದನ್ನು ಕೇವಲ ದಾಸ್ತಾನು ಸ್ಥಳವೆಂದು ಭಾವಿಸುವುದುಂಟು. ವಾಸ್ತವವಾಗಿ ಅಟ್ಟವು ಕಾಯಿಯನ್ನು ನೆರಳಿನಲ್ಲಿ ಒಣಗಿಸುವ ಸಾಧನವಾಗಿದೆ.

ಎಣ್ಣೆ ಕೊಬ್ಬರಿಗಾಗಿ ಕಾಯಿಯನ್ನು ಒಡೆದು, ಹೋಳುಗಳನ್ನು ಕೆಲವೇ ದಿನಗಳಲ್ಲಿ ಬಿಸಿಲಿನಲ್ಲಿ ಅಥವಾ ಗೂಡಿನಲ್ಲಿ ಒಣಗಿಸಲಾಗುತ್ತದೆ. ತಿಪಟೂರು ಸೀಮೆಯ ಉಂಡೆ ಕೊಬ್ಬರಿಯ ವಿಧಾನವೇ ಬೇರೆ. ಪೂರ್ಣ ಬಲಿತ ಕಾಯಿಯನ್ನು ಸಿಪ್ಪೆ ಸಹಿತ ಅಟ್ಟಕ್ಕೇರಿಸಿ ಸುಮಾರು 8ರಿಂದ 12 ತಿಂಗಳು ಬಿಡಲಾಗುತ್ತದೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಕುಗ್ಗಿ ಕರಟದಿಂದ ತಾನಾಗಿಯೇ ಬಿಡುತ್ತದೆ. ಅಲುಗಾಡಿಸಿದಾಗ ಗಿಟುಕು ಒಳಗೆ ಲೊಟಗುಟ್ಟಿದರೆ ಕೊಬ್ಬರಿ ಸಿದ್ಧವಾಗಿದೆ ಎಂದರ್ಥ. ಹಸಿ ತಿರುಳಿನಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟಿರುವ ತೇವಾಂಶವು ಈ ವೇಳೆಗೆ ಶೇ. 6-7ರ ಸುಮಾರಿಗೆ ಇಳಿದಿರುತ್ತದೆ.

ಅಟ್ಟದ ರಚನೆಯು ಈ ಕೆಲಸಕ್ಕೆ ಅನುಗುಣವಾಗಿರುತ್ತದೆ. ನೆಲದಿಂದ ಎತ್ತರದಲ್ಲಿ ತೊಲೆಗಳನ್ನು ಹಾಯಿಸಿ, ಅವುಗಳ ಮೇಲೆ ತೆಂಗು ಅಥವಾ ಅಡಿಕೆ ಮರದ ಸೀಳು, ಬಿದಿರು ಇತ್ಯಾದಿಗಳನ್ನು ಸಂದು ಬಿಟ್ಟು ಹಾಸಲಾಗುತ್ತದೆ. ಸಂದು ಕಾಯಿ ಜಾರದಷ್ಟು ಕಿರಿದಾಗಿಯೂ, ಗಾಳಿ ಕೆಳಗಿನಿಂದ ಏರುವಷ್ಟು ಅಗಲವಾಗಿಯೂ ಇರತಕ್ಕದ್ದು. ಇಡೀ ಅಟ್ಟದ ಗುಟ್ಟು ಇಲ್ಲಿದೆ ಎಂದರೂ ತಪ್ಪಾಗಲಾರದು. ಮೇಲಿನ ಹೆಂಚಿನ ಛಾವಣಿಯು ಮಳೆಯನ್ನು ತಡೆಯುವುದರ ಜೊತೆಗೆ ಹೆಂಚುಗಳ ನಡುವಿನಿಂದ ತೇವದ ಗಾಳಿಯನ್ನು ಹೊರಬಿಡುತ್ತದೆ. ಅಟ್ಟದ ಕೆಳಭಾಗವು ದನದ ಕೊಟ್ಟಿಗೆಗೋ ಸಾಮಗ್ರಿಗಳಿಗೋ ಬಳಕೆಯಾಗುತ್ತದೆ.

ಹಳೆಯ ಅಟ್ಟವನ್ನು ಕೆಡವಿ ಕಾಂಕ್ರೀಟ್ ಕೊಠಡಿ ಕಟ್ಟಿಸುವವರು ಈ ಅಂಶವನ್ನು ಗಮನಿಸುವುದು ಅಗತ್ಯ. ಗಟ್ಟಿ ನೆಲದ ಮೇಲೆ ರಾಶಿ ಹಾಕಿ ಬಾಗಿಲು ಮುಚ್ಚಿದಲ್ಲಿ ಅಡಿಯ ಕಾಯಿಗಳಿಗೆ ಗಾಳಿ ದೊರೆಯದೆ ತಿರುಳು ಬೂಷ್ಟು ಹಿಡಿಯುವ ಅಥವಾ ಕೊಳೆಯುವ ಸಂಭವವಿರುತ್ತದೆ. ಸಿಪ್ಪೆಯೊಳಗಿನ ಈ ಹಾನಿಯು ಸುಲಿದು ಒಡೆಯುವವರೆಗೆ, ಅಂದರೆ ವರ್ಷ ಕಳೆಯುವವರೆಗೆ, ಮಾಲೀಕರ ಗಮನಕ್ಕೆ ಬರುವುದಿಲ್ಲ. 2025ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಾಲ್ ಒಂದಕ್ಕೆ 12,100 ರೂ. ಬೆಂಬಲ ಬೆಲೆ ಘೋಷಿಸಿತ್ತು. ಆದರೆ ಬೆಂಬಲ ಬೆಲೆಯು ನಿಗದಿತ ಗುಣಮಟ್ಟದ ಕೊಬ್ಬರಿಗೆ ಮಾತ್ರ ಅನ್ವಯಿಸುತ್ತದೆ. ಬೂಷ್ಟು ಹಿಡಿದ ಗಿಟುಕಿಗೆ ಖರೀದಿ ಕೇಂದ್ರದಲ್ಲಾಗಲಿ ಮಾರುಕಟ್ಟೆಯಲ್ಲಾಗಲಿ ಆ ಬೆಲೆ ದೊರೆಯದು.

ಕಾಂಕ್ರೀಟ್ ಛಾವಣಿ ಅನಿವಾರ್ಯವಾದಲ್ಲಿ, ಒಳಗೆ ಮರದ ಸೀಳುಗಳ ಅಟ್ಟಣೆಯನ್ನು ಎತ್ತರಿಸಿ, ಎದುರುಬದುರು ಗೋಡೆಗಳಲ್ಲಿ ಅಟ್ಟಣೆಯ ಕೆಳಗೂ ಮೇಲೂ ಜಾಲರಿ ಹಾಕಿದ ಗವಾಕ್ಷಿಗಳನ್ನು ಬಿಡಬಹುದು. ಜಾಲರಿಯು ಇಲಿ, ಅಳಿಲುಗಳನ್ನು ಸಹ ತಡೆಯುತ್ತದೆ. ಹಳೆಯ ಅಟ್ಟವನ್ನೇ ಉಳಿಸಿಕೊಳ್ಳುವವರು ಮುಂಗಾರಿಗೆ ಮೊದಲು ಒಡೆದ ಹೆಂಚುಗಳನ್ನು ಬದಲಿಸಿ, ತೊಲೆಗಳಿಗೆ ಗೆದ್ದಲು ಹತ್ತಿದೆಯೇ ಎಂದು ಪರಿಶೀಲಿಸತಕ್ಕದ್ದು.