ಐದನೇ ಚಕ್ರಕ್ಕೂ ಒಂದು ನಿಂಬೆಹಣ್ಣು

ಆಯುಧಪೂಜೆಯ ದಿನ ನಮ್ಮ ಕಾರುಗಳಿಗೆ ಸಿಗುವ ಮರ್ಯಾದೆ ಮದುಮಗನಿಗೂ ಸಿಗಲಿಕ್ಕಿಲ್ಲ. ಬೆಳಿಗ್ಗೆ ಬೇಗ ಸ್ನಾನ, ಬಾನೆಟ್ಟಿಗೆ ಅರಿಶಿನ ಕುಂಕುಮ, ಸೇವಂತಿಗೆ ಮಾಲೆ, ಎರಡು ಬದಿಗೂ ಬಾಳೆಕಂದು, ಕೊನೆಗೆ ಚಕ್ರಗಳ ಕೆಳಗೆ ಒಂದೊಂದು ನಿಂಬೆಹಣ್ಣು. ಮಾರನೆಯ ದಿನದಿಂದ ಮುಂದಿನ ನವರಾತ್ರಿಯವರೆಗೆ ಎಷ್ಟೋ ಮನೆಗಳಲ್ಲಿ ಅದೇ ಕಾರಿನ ಬಾನೆಟ್ ಎತ್ತಿ ನೋಡುವವರೇ ಇರುವುದಿಲ್ಲ.

ನನ್ನದು ಆಗುಂಬೆ ಘಾಟಿಯ ಕೆಳಗೆ, ಹೆಬ್ರಿಯ ಹತ್ತಿರ ಒಂದು ಸಣ್ಣ ಗ್ಯಾರೇಜ್. ಶೃಂಗೇರಿ, ತೀರ್ಥಹಳ್ಳಿ ಕಡೆಯಿಂದ ಉಡುಪಿಗೆ ಇಳಿಯುವ ಕಾರುಗಳು 14 ಹೇರ್‌ಪಿನ್ ತಿರುವುಗಳನ್ನು ದಾಟಿ ನಮ್ಮ ಎದುರಿನಿಂದಲೇ ಹೋಗುತ್ತವೆ. ರಜೆಯ ದಿನಗಳಲ್ಲಿ ಚಕ್ರದಿಂದ ಸುಟ್ಟ ವಾಸನೆ ಬರುತ್ತಿದೆ ಎಂದು ಗಾಬರಿಯಿಂದ ನಿಲ್ಲಿಸುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಇಂಥ ಕಾರುಗಳನ್ನು ನೋಡಿ ನೋಡಿ ನನಗೆ ಒಂದು ಮಾತು ಖಚಿತವಾಗಿದೆ. ಕಾರು ಹೇಳದೆ ಕೇಳದೆ ಕೈಕೊಡುವುದು ಬಹಳ ಅಪರೂಪ. ಒಂದು ಸದ್ದು, ಒಂದು ವಾಸನೆ, ನೆಲಕ್ಕೆ ತೊಟ್ಟಿಕ್ಕಿದ ಹನಿ, ಒಂದು ಕೆಂಪು ದೀಪ, ಹೀಗೆ ಅದು ಮೊದಲೇ ಹೇಳುತ್ತಿರುತ್ತದೆ. ಕೇಳಿಸಿಕೊಳ್ಳುವವರು ಬೇಕು. ಆ ಕೆಲಸಕ್ಕೆ ಸ್ಟೀರಿಂಗ್ ಹಿಡಿದವರೊಬ್ಬರೇ ಸಾಲದು, ಮನೆಮಂದಿಯೆಲ್ಲ ಸೇರಬೇಕು. ಭಾನುವಾರ ಬೆಳಿಗ್ಗೆ ಹತ್ತು ನಿಮಿಷ ಸಾಕು.

ಹಳೆಯ ಪೇಪರಿನ ಪರೀಕ್ಷೆ

ಇದನ್ನು ಮಕ್ಕಳಿಗೇ ಬಿಡಿ. ಶನಿವಾರ ರಾತ್ರಿ ಕಾರು ನಿಲ್ಲಿಸಿದ ಮೇಲೆ ಎಂಜಿನ್ನಿನ ಕೆಳಗೆ ಎರಡು ಹಳೆಯ ದಿನಪತ್ರಿಕೆ ಹಾಸಲಿ, ಬೆಳಿಗ್ಗೆ ಎಳೆದು ನೋಡಲಿ. ಬಣ್ಣ, ಜಿಡ್ಡು ಯಾವುದೂ ಇಲ್ಲದ ಬರೀ ನೀರಾದರೆ ಅದು ಎ.ಸಿ.ಯದ್ದು, ಚಿಂತೆಯಿಲ್ಲ. ಕಂದು ಅಥವಾ ಕಪ್ಪು ಜಿಡ್ಡಾದರೆ ಎಂಜಿನ್ ಆಯಿಲ್. ಹಸಿರು, ಗುಲಾಬಿ ಅಥವಾ ನೀಲಿ ಬಣ್ಣದ ಅಂಟಾದರೆ ಕೂಲೆಂಟ್. ಚಕ್ರದ ಒಳಮಗ್ಗುಲಲ್ಲಿ ತೆಳು ಹಳದಿಯ ಜಾರುವ ದ್ರವ ಕಂಡರೆ ಅದು ಬ್ರೇಕ್ ಆಯಿಲ್ ಆಗಿರಬಹುದು. ಆಗ ಕಾರನ್ನು ಅಲ್ಲಿಂದ ಕದಲಿಸದೆ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.

ನಾಲ್ಕಲ್ಲ, ಐದು

ಇಡೀ ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕು ಕಡೆ ಮಾತ್ರ, ಅದೂ ಒಂದೊಂದು ಕಡೆ ಹೆಚ್ಚುಕಡಿಮೆ ಅಂಗೈಯಷ್ಟು ಜಾಗದಲ್ಲಿ. ನಿಮ್ಮ ಸಂಸಾರ ಕೂತಿರುವುದು ಆ ನಾಲ್ಕು ಅಂಗೈಗಳ ಮೇಲೆ.

ಗಾಳಿಯನ್ನು ಟೈರು ತಣ್ಣಗಿರುವಾಗ ನೋಡಿಸಬೇಕು. ದೂರ ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿಸುತ್ತದೆ. ಎಷ್ಟು ಗಾಳಿ ಬೇಕೆಂಬುದು ಚಾಲಕನ ಬಾಗಿಲು ತೆರೆದರೆ ಕಾಣುವ ಚೀಟಿಯಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಇಬ್ಬರು ಹೋಗುವಾಗ ಒಂದು ಲೆಕ್ಕ, ಐದು ಜನ ಸಾಮಾನು ಸಮೇತ ಹೊರಟರೆ ಇನ್ನೊಂದು ಲೆಕ್ಕ ಕೊಟ್ಟಿರುವುದುಂಟು. ಅಲ್ಲಿ ಬರೆದ ‘ಪಿಎಸ್‌ಐ’ ಪೊಲೀಸಿನವರಲ್ಲ ಮಕ್ಕಳೇ, ಅದು ಗಾಳಿಯ ಒತ್ತಡದ ಅಳತೆ! ಟೈರಿನ ಮೈಮೇಲೆಯೇ ಅಚ್ಚಾಗಿರುವ ದೊಡ್ಡ ಅಂಕಿಯನ್ನು ಅನುಸರಿಸಬೇಡಿ. ಅದು ಟೈರು ತಡೆಯಬಲ್ಲ ಗರಿಷ್ಠ ಒತ್ತಡ.

ಟೈರಿಗೂ ಜನ್ಮದಿನವಿದೆ. ಅದರ ಬದಿಯಲ್ಲಿ ಚಿಕ್ಕ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. ‘3522’ ಎಂದಿದ್ದರೆ 2022ರ 35ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಹೆಚ್ಚು ಓಡದ ಕಾರಿನಲ್ಲೂ ಬಿಸಿಲಿಗೆ ರಬ್ಬರು ಗಡಸಾಗಿ ಸಣ್ಣ ಬಿರುಕು ಬಿಡುತ್ತದೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆಯಾದರೂ ತಿಳಿದವರಿಗೆ ತೋರಿಸಿ. ಟೈರಿನ ಗೀರುಗಳ ನಡುವೆ ಅಲ್ಲಲ್ಲಿ ಚಿಕ್ಕ ರಬ್ಬರು ದಿಣ್ಣೆಗಳಿವೆ. ಗೀರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಉಳಿದ ಆಳ ಕೇವಲ 1.6 ಮಿ.ಮೀ. ಕಾನೂನಿನ ಪ್ರಕಾರ ಆ ಟೈರಿನ ಕೆಲಸ ಅಲ್ಲಿಗೆ ಮುಗಿಯಿತು. ಮಳೆಗಾಲದಲ್ಲಿ ಅಲ್ಲಿಯವರೆಗೂ ಕಾಯಬೇಡಿ, ನೀರನ್ನು ಪಕ್ಕಕ್ಕೆ ತಳ್ಳುವುದು ಆ ಗೀರುಗಳೇ.

ಇನ್ನು ಐದನೆಯದು, ಸ್ಟೆಪ್ನಿ. ಪೂಜೆಯಲ್ಲಿ ಅದಕ್ಕೆ ನಿಂಬೆಹಣ್ಣು ಇಲ್ಲ, ವರ್ಷವಿಡೀ ಗಾಳಿಯೂ ಇಲ್ಲ! ರಾತ್ರಿ ಹೊತ್ತು ಕಾಡಿನ ದಾರಿಯಲ್ಲಿ ಪಂಕ್ಚರ್ ಆದಾಗ ಡಿಕ್ಕಿಯಿಂದ ಹೊರಬಂದ ಸ್ಟೆಪ್ನಿಯೂ ಚಪ್ಪಟೆಯಾಗಿದ್ದರೆ ಏನು ಮಾಡುವುದು? ನಾಲ್ಕಕ್ಕೆ ಗಾಳಿ ಹಾಕಿಸುವಾಗ ಐದನೆಯದಕ್ಕೂ ಹಾಕಿಸಿ. ಜ್ಯಾಕ್, ಸ್ಪ್ಯಾನರ್ ಇವೆಯೇ ನೋಡಿ. ಒಂದು ಭಾನುವಾರ ಮನೆಯಂಗಳದಲ್ಲೇ ಚಕ್ರ ಬಿಚ್ಚಿ ಹಾಕಿ ಅಭ್ಯಾಸ ಮಾಡಿ. ಅಮ್ಮನಿಗೂ, ಕಾಲೇಜಿಗೆ ಹೋಗುವ ಮಗಳಿಗೂ ಅದು ಬರಲಿ.

ಬಾನೆಟ್ ಎತ್ತಿದಾಗ

ಮೊದಲು ಎಂಜಿನ್ ಬಂದ್, ಹ್ಯಾಂಡ್ ಬ್ರೇಕ್ ಮೇಲೆ. ಜಡೆ, ದುಪಟ್ಟಾ, ಸಡಿಲ ತೋಳು ದೂರವಿರಲಿ. ಕೆಲವು ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಫ್ಯಾನ್ ತಾನಾಗಿ ತಿರುಗುವುದುಂಟು.

ಎಂಜಿನ್ ಆಯಿಲ್ ನೋಡಲು ಕಾರು ಸಮತಟ್ಟು ನೆಲದಲ್ಲಿ ನಿಂತಿರಬೇಕು. ಉದ್ದನೆಯ ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗಿಟ್ಟು ಮತ್ತೆ ಎಳೆಯಿರಿ. ಎರಡು ಗುರುತುಗಳ ನಡುವೆ ಆಯಿಲ್ ಇದ್ದರೆ ಸರಿ. ಕಡಿಮೆಯಾದರೆ ಎಂಜಿನ್ ಸವೆಯುತ್ತದೆ, ಮೇಲಿನ ಗುರುತು ದಾಟುವಷ್ಟು ಸುರಿದರೂ ಕೇಡೇ. ಈಗಿನ ಬಹಳಷ್ಟು ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಆಯಿಲ್ ಬದಲಾವಣೆ. ‘ನಮ್ಮ ಕಾರು ಓಡಿದ್ದೇ ಮೂರು ಸಾವಿರ’ ಎನ್ನುವವರು ಆ ‘ಒಂದು ವರ್ಷ’ವನ್ನು ಮರೆಯಬಾರದು. ಯಾವ ಆಯಿಲ್ ಎಂಬುದನ್ನು ಕೈಪಿಡಿ ನೋಡಿಯೇ ತೀರ್ಮಾನಿಸಿ.

ಕೂಲೆಂಟಿನ ಡಬ್ಬಿ ಹೊರಗಿನಿಂದಲೇ ಕಾಣುತ್ತದೆ. ಎಂಜಿನ್ ತಣ್ಣಗಿದ್ದಾಗ ದ್ರವ ‘ಮಿನ್’, ‘ಮ್ಯಾಕ್ಸ್’ ಗೆರೆಗಳ ನಡುವೆ ಇರಬೇಕು. ಬೋರ್‌ವೆಲ್ ನೀರು ಸುರಿಯುವ ಅಭ್ಯಾಸ ಬಿಡಿ. ಒಲೆಯ ಮೇಲಿನ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುವ ಹಾಗೆಯೇ ರೇಡಿಯೇಟರಿನೊಳಗೂ ಕಟ್ಟುತ್ತದೆ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ. ಕುಕ್ಕರಿನಂತೆ ಒಳಗೆ ಒತ್ತಡವಿರುತ್ತದೆ, ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಹಾಗೆಯೇ ಇಲಿ ಬಂದ ಗುರುತು, ಕಡಿದ ವೈರು ಇವೆಯೇ ನೋಡಿ. ಗಣಪನ ವಾಹನಕ್ಕೆ ನಮ್ಮ ವಾಹನದ ಮೇಲೆ ವಿಪರೀತ ಪ್ರೀತಿ! ಕಾರಿನೊಳಗೆ ಬಿಸ್ಕತ್ತು, ಚಕ್ಕುಲಿ ಪುಡಿ ಉಳಿಸಬೇಡಿ.

ವಿದ್ಯುತ್ ಕಾರಿನವರಿಗೆ ಎಂಜಿನ್ ಆಯಿಲಿನ ಗೊಡವೆಯಿಲ್ಲ. ಆದರೆ ಟೈರು, ಬ್ರೇಕು, ವೈಪರ್‌ಗಳ ಮಾತು ಅವರಿಗೂ ಅಷ್ಟೇ ಅನ್ವಯ. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳನ್ನು ಮಾತ್ರ ಮುಟ್ಟಲೇಬಾರದು.

ಬ್ರೇಕಿನಲ್ಲಿ ರಾಜಿ ಬೇಡ

ಒಂದು ಏಪ್ರಿಲ್ ರಜೆಯಲ್ಲಿ ಗ್ಯಾರೇಜಿನ ಎದುರು ಒಂದು ಕಾರು ಬಂದು ನಿಂತಿತು. ಅಪ್ಪ, ಅಮ್ಮ, ಅಜ್ಜಿ, ಇಬ್ಬರು ಮಕ್ಕಳು. ಘಾಟಿಯ ಕೊನೆಯ ತಿರುವುಗಳಲ್ಲಿ ಬ್ರೇಕ್ ಪೆಡಲ್ ಹತ್ತಿಯ ಹಾಗೆ ಮೆತ್ತಗಾಯಿತಂತೆ. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆಯುತ್ತಾ ಹೇಗೋ ಕೆಳಗೆ ಮುಟ್ಟಿದ್ದರು. ಅವರ ಕೈ ಇನ್ನೂ ನಡುಗುತ್ತಿತ್ತು. ನಾನು ಬಾನೆಟ್ ಎತ್ತುತ್ತಿದ್ದಾಗ ಐದನೆಯ ತರಗತಿಯ ಹುಡುಗಿ ಹತ್ತಿರ ಬಂದು, “ಅಂಕಲ್, ಆ ಕೆಂಪು ಲೈಟ್ ಮೊನ್ನೆಯಿಂದಲೇ ಉರೀತಾ ಇದೆ. ನಾನು ಅಪ್ಪನಿಗೆ ಹೇಳಿದ್ದೆ” ಎಂದಳು. “ಅದು ಹ್ಯಾಂಡ್ ಬ್ರೇಕಿನ ಲೈಟಲ್ವಾ ಮಾರಾಯ್ರೆ, ಸೆನ್ಸರ್ ಹಾಳಾಗಿರಬೇಕು ಅಂದ್ಕೊಂಡೆ” ಎಂದರು ಅಪ್ಪ.

ಅವರು ಹೇಳಿದ್ದರಲ್ಲಿ ಅರ್ಧ ನಿಜ. ಬಹಳಷ್ಟು ಕಾರುಗಳಲ್ಲಿ ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆಯಿರುವ ಆ ಕೆಂಪು ದೀಪ ಎರಡು ಕೆಲಸ ಮಾಡುತ್ತದೆ. ಹ್ಯಾಂಡ್ ಬ್ರೇಕ್ ಹಾಕಿದಾಗ ಉರಿಯುತ್ತದೆ. ಅದನ್ನು ಪೂರ್ತಿ ಇಳಿಸಿದ ಮೇಲೂ ಉರಿಯುತ್ತಿದ್ದರೆ ಬ್ರೇಕ್ ಆಯಿಲ್ ಕಡಿಮೆಯಾಗಿರಬಹುದು ಎಂಬ ಎಚ್ಚರಿಕೆ. ಆ ಕಾರಿನ ಡಬ್ಬಿಯಲ್ಲಿ ಆಯಿಲ್ ‘ಮಿನ್’ ಗೆರೆಗಿಂತ ಕೆಳಗಿತ್ತು, ಚಹಾದ ಕಷಾಯದಂತೆ ಕಪ್ಪಾಗಿತ್ತು. ಮುಂದಿನ ಪ್ಯಾಡುಗಳು ಕಬ್ಬಿಣದವರೆಗೂ ಸವೆದಿದ್ದವು. ಎರಡು ಗಂಟೆಯ ಕೆಲಸ ಅದು, ಘಾಟಿ ಇಳಿಯುವ ಮೊದಲು ಆಗಬೇಕಿದ್ದ ಕೆಲಸ. ಹೊರಡುವಾಗ ಅಪ್ಪ ಮಗಳನ್ನು ಮುಂದಿನ ಬಾಗಿಲ ಹತ್ತಿರ ಕರೆದು, “ಇನ್ನು ಮೇಲೆ ಲೈಟ್ ನೋಡೋ ಡ್ಯೂಟಿ ನಿಂದೇ ಪುಟ್ಟಿ” ಎಂದರು.

ಪೆಡಲ್ ಯಾಕೆ ಮೆತ್ತಗಾಗುತ್ತದೆ? ಮಕ್ಕಳು ಸೂಜಿಯಿಲ್ಲದ ಹೊಸ ಸಿರಿಂಜಿನಲ್ಲಿ ಇದನ್ನು ಮಾಡಿ ನೋಡಬಹುದು. ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ. ಒಳಗೆ ಹೋಗುವುದಿಲ್ಲ. ಈಗ ಬರೀ ಗಾಳಿ ತುಂಬಿ ಒತ್ತಿ. ಸುಲಭವಾಗಿ ಹೋಗುತ್ತದೆ. ಬ್ರೇಕಿನ ಕೊಳವೆಯೂ ಹಾಗೆಯೇ. ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಅದರೊಳಗಿನ ದ್ರವ. ಆ ದ್ರವ ಗಾಳಿಯಲ್ಲಿನ ತೇವಾಂಶವನ್ನು ಹೀರುತ್ತಾ ಹೋಗುತ್ತದೆ. ನೀರು ಸೇರಿದಷ್ಟೂ ಬೇಗ ಕುದಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಮೇಲೆಯೇ ಕಾಲಿಟ್ಟರೆ ಚಕ್ರ ಕಾದು, ದ್ರವ ಕುದಿದು ಗುಳ್ಳೆಗಳೇಳುತ್ತವೆ. ಕಾಲು ಒತ್ತಿದ್ದು ಗುಳ್ಳೆಗೆ, ಚಕ್ರಕ್ಕಲ್ಲ! ಅದಕ್ಕೇ ಸುಮಾರು ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಬೇಕು. ಅದು ಪದೇ ಪದೇ ಕಡಿಮೆಯಾಗುತ್ತಿದ್ದರೆ ಮೇಲಿಂದ ಮೇಲೆ ತುಂಬಿಸಿ ಸುಮ್ಮನಾಗಬೇಡಿ. ಒಂದೋ ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ.

ಘಾಟಿ ಇಳಿಯುವಾಗ ಕಡಿಮೆ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ಕಾರನ್ನು ಹಿಡಿಯುತ್ತದೆ. ಪೆಟ್ರೋಲ್ ಉಳಿಸಲು ಎಂಜಿನ್ ಬಂದ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಯುವವರನ್ನೂ ಕಂಡಿದ್ದೇನೆ. ಎಂಜಿನ್ ನಿಂತರೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಖಾಲಿಯಾಗುತ್ತದೆ, ಸ್ಟೀರಿಂಗೂ ಕಲ್ಲಾಗುತ್ತದೆ. ಉಳಿಯುವ ನಾಲ್ಕು ಕಾಸಿಗೆ ಅಷ್ಟು ದೊಡ್ಡ ಬೆಲೆ ಬೇಡ.

ದಾರಿಯಲ್ಲಿ ರಿಪೇರಿ ಮಾಡಿದ ತಾಯಿ

‘ಇದೆಲ್ಲ ಗಂಡಸರ ಕೆಲಸ’ ಎನ್ನುವವರಿಗೆ ನಾನು ಜರ್ಮನಿಯ ಬರ್ತಾ ಬೆಂಜ್ ಅವರ ಕಥೆ ಹೇಳುತ್ತೇನೆ. ಆಕೆಯ ಗಂಡ ಕಾರ್ಲ್ ಬೆಂಜ್ 1886ರಲ್ಲಿ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಪಡೆದರು. ಕೊಳ್ಳುವವರು ಮುಂದೆ ಬರಲಿಲ್ಲ. 1888ರ ಆಗಸ್ಟಿನಲ್ಲಿ ಬರ್ತಾ ಗಂಡನಿಗೆ ಹೇಳದೆ, ಓಯ್ಗನ್ ಮತ್ತು ರಿಚರ್ಡ್ ಎಂಬ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟೇಬಿಟ್ಟರು. 100 ಕಿ.ಮೀ.ಗೂ ಮಿಕ್ಕಿದ ದಾರಿ. ಇಂಧನದ ಕೊಳವೆ ಕಟ್ಟಿದಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು. ಇಂಧನ ಮುಗಿದಾಗ ವೀಸ್ಲೋಖ್ ಎಂಬ ಊರಿನ ಔಷಧದಂಗಡಿಯಲ್ಲಿ ಕೊಂಡರು. ದಾರಿಯುದ್ದಕ್ಕೂ ಎಂಜಿನ್ನಿಗೆ ನೀರು ತುಂಬಿಸಿದರು. ಏರಿನಲ್ಲಿ ಮಕ್ಕಳು ತಳ್ಳಿದರು. ಇಳಿಜಾರಿನಲ್ಲಿ ಬ್ರೇಕಿನ ಮರದ ತುಂಡು ಸವೆದಾಗ ಚಮ್ಮಾರರಿಂದ ಚರ್ಮ ಹೊಡೆಸಿದರು! ಕಾರಿನ ಮೊದಲ ದೂರ ಪ್ರಯಾಣವನ್ನು ದಡ ಮುಟ್ಟಿಸಿದ್ದು ಒಬ್ಬ ತಾಯಿ ಮತ್ತು ಇಬ್ಬರು ಮಕ್ಕಳು.

ಮಳೆ ಬರುವ ಮೊದಲು

ಜೂನ್ ಹತ್ತಿರ ಬಂದಾಗ ವೈಪರಿನ ರಬ್ಬರು ನೋಡಿ. ಬೇಸಗೆಯ ಬಿಸಿಲಿಗೆ ಗಟ್ಟಿಯಾದ ರಬ್ಬರು ಗಾಜು ಒರೆಸುವುದಿಲ್ಲ, ಗೀಚುತ್ತದೆ. ಒಬ್ಬರು ಒಳಗೆ ಕೂತು, ಇನ್ನೊಬ್ಬರು ಸುತ್ತ ನಡೆದು ಎಲ್ಲ ದೀಪಗಳನ್ನೂ ಪರೀಕ್ಷಿಸಿ. ನೀರು ನಿಂತ ಅಂಡರ್‌ಪಾಸಿಗೆ ಕಾರು ಇಳಿಸಬೇಡಿ. ನೀರಿನ ನಡುವೆ ಕಾರು ನಿಂತುಹೋದರೆ ಮತ್ತೆ ಕೀ ತಿರುಗಿಸಲೂಬೇಡಿ. ಗಾಳಿ ಎಳೆಯುವ ದಾರಿಯಲ್ಲಿ ನೀರು ಒಳಗೆ ಹೋಗಿದ್ದರೆ ಎಂಜಿನ್ನಿನ ಒಳಭಾಗಗಳು ಬಾಗಿ, ಮುರಿದು ಹೋಗಬಹುದು. ಮೊದಲು ಮಕ್ಕಳನ್ನು ಇಳಿಸಿ, ಎಲ್ಲರೂ ಎತ್ತರದ ಜಾಗ ಸೇರಿ. ಕಾರನ್ನು ಆಮೇಲೆ ಎಳೆಸಬಹುದು.

ಭಾನುವಾರದ ಹತ್ತು ನಿಮಿಷ: ಯಾರಿಗೆ ಯಾವ ಕೆಲಸ?

ಮಕ್ಕಳು: ಪೇಪರಿನ ಪರೀಕ್ಷೆ, ಟೈರಿಗೆ ಮೊಳೆ ಚುಚ್ಚಿದೆಯೇ ನೋಡುವುದು, ದೀಪಗಳ ಲೆಕ್ಕ. ಕಾರು ಚಾಲೂ ಮಾಡಿದ ಮೇಲೂ ಆರದ ಕೆಂಪು ದೀಪ ಕಂಡರೆ ಕೂಡಲೇ ಹೇಳುವುದು. ಕೆಂಪು ಎಂದರೆ ನಿಲ್ಲಿಸು, ಹಳದಿ ಎಂದರೆ ಬೇಗ ತೋರಿಸು.

ದೊಡ್ಡವರು: ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲಿನ ಮಟ್ಟ. ಹದಿನೈದು ದಿನಕ್ಕೊಮ್ಮೆ ಐದೂ ಟೈರಿಗೆ ಗಾಳಿ.

ಅಜ್ಜ ಅಜ್ಜಿ: ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಕಿಲೋಮೀಟರ್, ಯಾವ ದಿನ ಏನು ಬದಲಿಸಿದ್ದು ಎಂದು ಬರೆದಿಡುವುದು. ವಿಮೆ ಮತ್ತು ಹೊಗೆ ತಪಾಸಣೆಯ ಕೊನೆಯ ದಿನಾಂಕವೂ ಅದರಲ್ಲೇ ಇರಲಿ.

ಗ್ಯಾರೇಜಿಗೆ ಬರುವಾಗ ಆ ನೋಟ್‌ಬುಕ್ ತನ್ನಿ. ಬಿಚ್ಚಿ ನೋಡಿ ನಾನು ಊಹಿಸಬೇಕಾದದ್ದರಲ್ಲಿ ಅರ್ಧ ಅದರಲ್ಲೇ ಸಿಗುತ್ತದೆ, ನಿಮ್ಮ ಬಿಲ್ಲೂ ಅಷ್ಟರಮಟ್ಟಿಗೆ ಇಳಿಯುತ್ತದೆ.