ದೀಪದ ಸುದ್ದಿ, ಬೂದಿಯ ಲೆಕ್ಕ

ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಗೆ 1988ರಲ್ಲಿ ಬೆಳಕು ಬಂದದ್ದು ಕೆಇಬಿ ಕಂಬದಿಂದಲ್ಲ, ಸೌದೆಯಿಂದ. ಸುಮಾರು 35 ಮನೆಗಳ ಊರದು. ಅಮೂಲ್ಯ ರೆಡ್ಡಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಕಟ್ಟಿದ ಗ್ರಾಮೀಣ ತಂತ್ರಜ್ಞಾನ ಕೇಂದ್ರ ‘ಅಸ್ತ್ರ’ದವರು ಅಲ್ಲಿ 3.7 ಕಿಲೋವ್ಯಾಟ್‌ನ ಗ್ಯಾಸಿಫೈಯರ್ ಕೂರಿಸಿದರು. ಒಣಸೌದೆಯ ತುಂಡುಗಳು ಕಡಿಮೆ ಗಾಳಿಯಲ್ಲಿ ಬೆಂದು ಅನಿಲವಾಗಿ ಡೀಸೆಲ್ ಎಂಜಿನ್ನಿಗೆ ಹೋಗುತ್ತಿದ್ದವು. ಮೊದಲು ದೀಪ, ಆಮೇಲೆ ಕುಡಿಯುವ ನೀರು, ಹಿಟ್ಟಿನ ಗಿರಣಿ. ಯಂತ್ರ 20 ಕಿಲೋವ್ಯಾಟ್‌ಗೆ ಬೆಳೆಯಿತು. ಸೌದೆಗೆಂದೇ ತೋಪೂ ಎದ್ದಿತು.

ಮುಂದೆ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 500 ಕಿಲೋವ್ಯಾಟ್ ಘಟಕ ಬಂದು, ಸೌದೆಯ ಕರೆಂಟು ಬೆಸ್ಕಾಂಗೂ ಹೋಯಿತು. ಎಲ್ಲರೂ ಯೂನಿಟ್ಟು ಎಣಿಸಿದರು. ಬೂದಿ ಮಾತ್ರ ಸುದ್ದಿಯಾಗಲಿಲ್ಲ.

ಬೂದಿಯ ಬೆಲೆ ಇಲ್ಲಿಯವರಿಗೆ ಹೊಸದೇನಲ್ಲ. ಒಲೆಬೂದಿ ಬೆಳಿಗ್ಗೆ ತಿಪ್ಪೆಗೆ, ಅಲ್ಲಿಂದ ರಾಗಿ ಹೊಲಕ್ಕೆ. ಹೇನು ಬಿದ್ದ ಅವರೆಗೂ ಒಂದು ಹಿಡಿ.

ಮರ ಸುಟ್ಟಾಗ ಸಾರಜನಕ ಹೊಗೆಯಲ್ಲಿ ಹೋಗುತ್ತದೆ. ಸುಣ್ಣ, ಪೊಟ್ಯಾಷ್, ರಂಜಕ ಬೂದಿಯಲ್ಲಿ ಉಳಿಯುತ್ತವೆ. ಸೌದೆ ಕಡಿಯುತ್ತಲೇ ಹೋದರೆ ಮಣ್ಣು ಕಳೆದುಕೊಳ್ಳುವುದು ಇವನ್ನೇ. ಹಾಗೆಂದು ಹೊಸ ಬೂದಿಯನ್ನು ರಾಶಿಯಾಗಿ ಸುರಿಯುವಂತಿಲ್ಲ. ಅದರ ಪಿಎಚ್ 12 ದಾಟುತ್ತದೆ, ಪಾಚಿ ಸುಟ್ಟುಹೋಗುತ್ತದೆ. ಬೂದಿಯನ್ನು ಕಾಡಿಗೇ ಮರಳಿಸುವ ಸ್ವೀಡನ್ನಿನವರು ಮೊದಲು ಬೂದಿಗೆ ನೀರು ಹಾಕಿ ಗುಡ್ಡೆ ಒಟ್ಟುತ್ತಾರೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅದು ಗಟ್ಟಿಯಾಗುತ್ತದೆ. ಅದನ್ನು ಒಡೆದು, ಜರಡಿ ಹಿಡಿದು ಚೆಲ್ಲಿದರೆ ನಿಧಾನವಾಗಿ ಕರಗುತ್ತದೆ. ಹತ್ತು ವರ್ಷಕ್ಕೆ ಹೆಕ್ಟೇರಿಗೆ 3 ಟನ್ ಮೀರಬಾರದು. ಕ್ಯಾಡ್ಮಿಯಂ ಪರೀಕ್ಷೆಯೂ ಉಂಟು; ಚೆರ್ನೋಬಿಲ್ ಆದ ಮೇಲೆ ಸೀಸಿಯಂದೂ.

ನಮ್ಮ ತೋಪಿಗೆ ಇಷ್ಟು ರಗಳೆ ಬೇಕೇ? ಹೆಕ್ಟೇರಿಗೆ ವರ್ಷಕ್ಕೆ 6 ಟನ್ ಸೌದೆ ಬಂತೆನ್ನಿ. ನೂರು ಕಿಲೋ ಸೌದೆಗೆ ಹೆಚ್ಚುಕಮ್ಮಿ ಒಂದು ಕಿಲೋ ಬೂದಿ, ಅಂದರೆ 60 ಕಿಲೋ: ಒಂದು ಮೂಟೆ. ಸ್ವೀಡನ್ನಿನ 3 ಟನ್ ಆಗಲು 50 ವರ್ಷ ಬೇಕು. ಮಂಕರಿಯಲ್ಲಿ ಹೊತ್ತು, ಮಳೆಗೆ ಮುಂಚೆ ತೆಳ್ಳಗೆ ಎರಚಿದರಾಯಿತು. ಸೊಪ್ಪು-ತೊಗಟೆ ತೋಪಿನಲ್ಲೇ ಬಿಟ್ಟರೆ ಇನ್ನೂ ಒಳ್ಳೆಯದು. ಎಚ್ಚರ ಬೇಕಾದದ್ದು, ಎಂಜಿನ್ನಿಗೆ ಬಿಡುವ ಮುಂಚೆ ಅನಿಲ ತೊಳೆದ ನೀರಿನ ಬಗ್ಗೆ. ಅದರಲ್ಲಿ ಟಾರು, ಫೀನಾಲ್ ಇರುತ್ತವೆ. ಅದನ್ನು ಬೂದಿಗುಂಡಿಗೆ ಬಿಟ್ಟರೆ ಆ ಮೂಟೆ ಗೊಬ್ಬರಕ್ಕೆ ಬಾರದು.