ಬಾವಲಿ ದಾಟಿ ಶುಂಠಿ ಚೇಟನ ಮನೆಗೆ

ವಯನಾಡಿನ ಚೇಟ ನಮ್ಮ ಎರಡೆಕರೆಯನ್ನು ಶುಂಠಿಗೆ ಗುತ್ತಿಗೆ ಹಿಡಿದಿದ್ದರು. ಕೊನೇ ಚೀಲ ಲಾರಿಗೇರಿಸಿದ ದಿನ, 'ಗೌಡ್ರೇ, ಒಂದ್ಸಲ ನಮ್ಮನೆಗೂ ಬನ್ನಿ' ಎಂದರು. ಮರುವರ್ಷ ಅದೇ ಹೊಲಕ್ಕೆ ನಾನೇ ಶುಂಠಿ ಹಾಕಿದೆ. ಗೆಡ್ಡೆ ಕೊಳೆತು ಮುಕ್ಕಾಲು ಪಾಲು ಹೋಯಿತು. ಹೊಲ ಹಾಳು ಮಾಡಿ ಹೋದರೆಂದು ಮುನಿಸು. ಹಾಗಾಗಿ ಹೊರಡಲು ಎರಡು ವರ್ಷ ಹಿಡಿಯಿತು.

ಹುಣಸೂರಿನಿಂದ ಎಚ್.ಡಿ. ಕೋಟೆ, ಅಂತರಸಂತೆ, ಮುಂದೆ ನಾಗರಹೊಳೆ ಕಾಡು. ಸಂಜೆ ಆರಕ್ಕೆ ಗೇಟು ಹಾಕುತ್ತಾರೆ, ಬೆಳಿಗ್ಗೆಯೇ ಬಸ್ಸು ಹತ್ತಿದೆ. ಬಾವಲಿ ಸೇತುವೆ ದಾಟಿದರೆ ಕೇರಳ. ಬೋರ್ಡಿನ ಅಕ್ಷರ ಬದಲಾಗುತ್ತದೆ, ನೀರು ಬದಲಾಗುವುದಿಲ್ಲ. ಮಾನಂದವಾಡಿ, ಪನಮರಂ ಹೊಳೆಗಳು ಕೂಡಿಯೇ ನಮ್ಮ ಕಬಿನಿ. ವಯನಾಡಲ್ಲಿ ಮಳೆ ಹೊಡೆದರೆ ಬೀಚನಹಳ್ಳಿ ಅಣೆಕಟ್ಟು ತುಂಬುತ್ತದೆ. ಹಳೇ ಶಾಸನಗಳಲ್ಲಿ ಆ ಸೀಮೆಗೆ ಬಯಲುನಾಡು ಎಂದೇ ಹೆಸರು. ಬಸ್ಸಲ್ಲಿ ಕಾಟ್ಟುನಾಯ್ಕರ ಇಬ್ಬರು ಹೆಂಗಸರ ಮಾತು ಕಿವಿಗೆ ಬಿತ್ತು. ನಮ್ಮ ಜೇನುಕುರುಬರ ಮಾತಿನ ಹಾಗೇ, ಅರ್ಧ ತಿಳಿಯಿತು.

ಚೇಟನ ಅಜ್ಜ 1940ರ ದಶಕದಲ್ಲಿ ತಿರುವಾಂಕೂರಿನಿಂದ ಕಾಡು ಕಡಿದು ನೆಲೆಸಲು ಬಂದವರಂತೆ. ಈಗ ಮೂರು ಎಕರೆ. ಹಾಲುವಾಣಕ್ಕೆ ಹಬ್ಬಿದ ಮೆಣಸು, ಕೆಳಗೆ ಕಾಫಿ, ತಗ್ಗಿನಲ್ಲಿ ಭತ್ತ. ಅವರ ತಾಯಿ ಬೇಯಿಸಿದ ಮರಗೆಣಸು, ಮೀನುಸಾರು ಬಡಿಸಿದರು. ನಮ್ಮನೆಯ ಮುದ್ದೆಯನ್ನು ಮಗ ನುಂಗದೆ ಅಗಿಯುತ್ತಿದ್ದ ಕತೆ ಹೇಳಿದೆ. ಆ ಅಜ್ಜಿ ನಕ್ಕಿದ್ದೇ ನಕ್ಕಿದ್ದು.

ತೋಟ ಸುತ್ತುವಾಗ ಕೇಳಿಯೇಬಿಟ್ಟೆ, 'ಇಲ್ಲಿ ಶುಂಠಿ ಎಲ್ಲಿ?'

ಚೇಟ ನೆಲ ನೋಡಿದರು. 'ಒಮ್ಮೆ ಹಾಕಿದ ಮಣ್ಣಿಗೆ ಮೂರ್ನಾಲ್ಕು ವರ್ಷ ಮತ್ತೆ ಹಾಕಬಾರದು. ರೋಗ ಮಣ್ಣಲ್ಲೇ ಉಳೀತದೆ. ನಮಗೆ ಬೇರೆ ಜಾಗ ಇಲ್ಲ, ಅದಕ್ಕೇ ನಿಮ್ಮೂರಿಗೆ ಬಂದದ್ದು.'

'ಅವತ್ತೇ ಹೇಳಬಾರದಿತ್ತಾ?'

'ನೀವು ಕೇಳಲಿಲ್ಲ. ಆದರೂ ನಾನು ಹೇಳಬೇಕಿತ್ತು, ಗೌಡ್ರೇ.'

ಗುತ್ತಿಗೆ ದುಡ್ಡು ಎಣಿಸಿಕೊಳ್ಳುವಾಗ ನಾನಾದರೂ ಮಣ್ಣಿನ ಮಾತೆತ್ತಿದ್ದೆನೇ? ಇಲ್ಲ. ಮುಂದೆ ಏನು ಹಾಕುವುದೆಂದು ಇಬ್ಬರೂ ಬದುವಿನ ಮೇಲೆ ಕೂತು ಲೆಕ್ಕ ಹಾಕಿದೆವು. ಮೊದಲು ಬಸಿಗಾಲುವೆ ಸರಿಮಾಡಿ, ರಾಗಿ, ಹುರುಳಿ ಹಾಕಿ ಎಂದರು. ಈ ಸಲ ಹಾಗೇ ಮಾಡಿದ್ದೇನೆ.

ಗೇಟಿನ ಭಯಕ್ಕೆ ಊಟ ಮುಗಿಸಿ ಬೇಗ ಹೊರಟೆ. ಅಜ್ಜಿ ಎರಡು ಸೇರು ಗಂಧಕಸಾಲ ಅಕ್ಕಿ ಕಟ್ಟಿಕೊಟ್ಟರು. 2010ರಲ್ಲಿ ಭೌಗೋಳಿಕ ಗುರುತು ಪಡೆದ ಅವರ ಸೀಮೆಯ ಪರಿಮಳದಕ್ಕಿ ಅದು. ಸೊಗಡವರೆ ಕಾಲಕ್ಕೆ ತಾಯಿ ಮಗ ಇಬ್ಬರೂ ನಮ್ಮನೆಗೆ ಬರುವುದೆಂದು ಮಾತಾಗಿದೆ.